ಸಣ್ಣ ಗಾಯಕ್ಕೆ ಚಿಗರಿ ಯಾಕೆ ಸತ್ತಿತು?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ದು ಔರಾದ ತಾಲ್ಲೂಕು. ಹ್ವಾದ ತಿಂಗಳ ಮಳಿ ನಿಂತ ಮರುದಿನ ನಾಲ್ಕೈದು ನಾಯಿ ಸೇರಿ ಎರಿ ಹೊಲದಾಗ ಒಂದು ಚಿಗರಿ ಬೆನ್ನ ಹತ್ತಿ ಕೆಡವಿದ್ವು. ನಾವು ಓಡಿ ಹೋಗಿ ಬಿಡಿಸಿದ್ವಿ. ತೊಡಿ ಮ್ಯಾಲ ಎರಡು ಹಲ್ಲಿನ ತೂತು ಬಿಟ್ರ ಬ್ಯಾರೆ ಗಾಯ ಇರ್ಲಿಲ್ಲ. ಕಾಲು ಕಟ್ಟಿ ಮನಿಗೆ ತಂದು, ಅರಿಶಿಣ ಹಚ್ಚಿ, ನೀರು ಹಾಲು ಕುಡಿಸಿದ್ವಿ. ಊರ ಮಂದಿ ಎಲ್ಲ ಬಂದು ನೋಡಿ ಹೋದ್ರು. ಮರುದಿನ ಹಿಂಗಾಲು ಎಳೀತಿತ್ತು, ಮೂತ್ರ ಕಪ್ಪಗ ಬಂತು, ಮಧ್ಯಾಹ್ನಕ್ಕ ಸತ್ತು ಹೋಯ್ತು. ಇಷ್ಟು ಸಣ್ಣ ಗಾಯಕ್ಕ ಯಾಕ ಸತ್ತಿತು? ನಾವು ಏನು ಮಾಡಬೇಕಿತ್ತು? ನಮ್ಮ ಕಡಿ ತೊಗರಿ ಹೊಲದಾಗ ನವಿಲು ನಡುಗುತ ಬಿದ್ದಿದ್ದೂ ನೋಡೀವಿ. ಅದಕ್ಕೂ ಏನು ಮಾಡಬೇಕು ತಿಳಿಸ್ರಿ.

ಉತ್ತರ: ಚಿಗರಿಯ, ಅಂದರೆ ಕೃಷ್ಣಮೃಗದ ವಿಷಯಕ್ಕೆ ಬರುವ ಮುಂಚೆ ನಿಮ್ಮ ವಿಷಯ. ಅದನ್ನು ಎತ್ತಿದವರು, ಕಟ್ಟಿದವರು, ಗಾಯಕ್ಕೆ ಅರಿಶಿಣ ಹಚ್ಚಿದವರು ಎಲ್ಲರ ಕೈಗೂ ನಾಯಿಯ ಜೊಲ್ಲು ತಗುಲಿರುವ ಸಾಧ್ಯತೆ ಇದೆ. ಯಾರ ಕೈಯಲ್ಲಾದರೂ ಆಗ ಹಸಿ ಗಾಯ, ತರಚು, ಉಗುರುಸುತ್ತು ಇದ್ದಿದ್ದರೆ ಅದನ್ನು ಹುಚ್ಚುನಾಯಿ ಕಡಿತದಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ತಿಂಗಳಾಯಿತು, ಇನ್ನೇನು ಎನ್ನಬೇಡಿ. ರೇಬೀಸ್ ಲಸಿಕೆಗೆ ತಡವಾಯಿತು ಎಂಬ ಗಡುವಿಲ್ಲ. ರೋಗದ ಲಕ್ಷಣ ಕಾಣುವವರೆಗೂ ಲಸಿಕೆಗೆ ಅವಕಾಶ ಇದೆ, ಕಂಡ ಮೇಲೆ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಇದ್ದ ಹಾಗೆ ಹೇಳಿ. ಮುಂದೆ ಎಂದಾದರೂ ಹೀಗಾದರೆ, ಮುಟ್ಟಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ಕೈ ತೊಳೆಯುವುದು ಮೊದಲ ಕೆಲಸ.

ಈಗ ಚಿಗರಿ. ಎಳೆದ ಹಿಂಗಾಲು, ಕಪ್ಪು ಮೂತ್ರ: ಸಾವಿನ ಕಾರಣವನ್ನು ನೀವೇ ಬರೆದಿದ್ದೀರಿ. ತೊಡೆಯ ಮೇಲಿನ ಎರಡು ತೂತು ಒಂದೇ ದಿನದಲ್ಲಿ ಕೊಲ್ಲುವಂಥವಲ್ಲ. ಮೊದಲು ಓಟ, ಆಮೇಲೆ ಹಿಡಿತ ಅದರ ಜೀವ ತೆಗೆದವು. ಪಶುವೈದ್ಯರು ಇದಕ್ಕೆ ಕ್ಯಾಪ್ಚರ್ ಮಯೋಪಥಿ ಅನ್ನುತ್ತಾರೆ. ಜೀವ ಉಳಿಸಿಕೊಳ್ಳಲು ಓಡುವಾಗ ತೊಡೆ, ಸೊಂಟದ ದೊಡ್ಡ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಮೈಕಾವು ಏರುತ್ತದೆ, ಸ್ನಾಯುವಿನ ಕೋಶಗಳು ಒಡೆಯುತ್ತವೆ. ಒಡೆದ ಕೋಶದಿಂದ ಎರಡು ವಸ್ತು ರಕ್ತಕ್ಕೆ ಸೇರುತ್ತವೆ. ಒಂದು ಪೊಟ್ಯಾಸಿಯಂ, ಅದು ಏರಿದರೆ ಹೃದಯ ತಾಳ ತಪ್ಪಿ ನಿಂತುಬಿಡುತ್ತದೆ, ಹಿಡಿದ ಕೈಯಲ್ಲೇ ಪ್ರಾಣಿ ಸಾಯುವುದು ಹೀಗೆ. ಇನ್ನೊಂದು ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್. ಅದು ಮೂತ್ರಪಿಂಡದ ಸಣ್ಣ ನಳಿಕೆಗಳನ್ನು ಕಟ್ಟಿಹಾಕುತ್ತದೆ. ನೀವು ನೋಡಿದ ಕಪ್ಪು ಮೂತ್ರ ಇದೇ. ಅಷ್ಟು ಹೊತ್ತಿಗೆ ಮೂತ್ರಪಿಂಡ ಕೆಟ್ಟಿರುತ್ತದೆ, ಹಿಂಗಾಲಿನ ಸ್ನಾಯು ಸತ್ತಿರುತ್ತದೆ.

ನಾಯಿ ಬಿಡಿಸಿದ ಮೇಲೂ ಈ ಹಾನಿ ನಿಲ್ಲದಿರಲು ಕಾರಣ, ಚಿಗರಿಗೆ ನಾಯಿಯೂ ಒಂದೇ, ನೀವೂ ಒಂದೇ. ಕಾಲು ಕಟ್ಟಿದಾಗ ಅದು ಮೇಲ್ನೋಟಕ್ಕೆ ಸುಮ್ಮನೆ ಮಲಗಿದಂತೆ ಕಂಡರೂ ಸ್ನಾಯುಗಳು ಹಗ್ಗದ ವಿರುದ್ಧ ಬಿಗಿದೇ ಇರುತ್ತವೆ. ಹಗ್ಗ ಬಿಗಿದಷ್ಟೂ ರಕ್ತದ ಓಡಾಟ ಕಡಿಮೆ. ಸುತ್ತ ಮಂದಿ, ಮಾತು, ಮೊಬೈಲ್ ಬೆಳಕು. ಸಾಧು ಆಯಿತು ಎಂದು ಮಂದಿ ತಿಳಿಯುವ ಆ ಗಳಿಗೆಯಲ್ಲೇ ಅದರ ಎದೆಬಡಿತ ಎಲ್ಲಕ್ಕಿಂತ ಜೋರಾಗಿರುತ್ತದೆ. ಮಳೆಗಾಲದಲ್ಲಿ ನಮ್ಮ ಎರೆ ಭೂಮಿ ಇದನ್ನು ಇನ್ನೂ ಕೆಡಿಸುತ್ತದೆ. ಚಿಗರಿಯ ಚೂಪು ಗೊರಸು ಹಸಿ ಕರಿಮಣ್ಣಲ್ಲಿ ಹೂತು, ಮಣ್ಣು ಹತ್ತಿಕೊಂಡು ಭಾರವಾಗುತ್ತದೆ. ನಾಯಿಯ ಅಗಲ ಪಾದಕ್ಕೆ ಆ ತೊಂದರೆ ಕಡಿಮೆ. ಒಣ ಬಯಲಲ್ಲಿ ಒಂದೇ ನಿಮಿಷದಲ್ಲಿ ನಾಯಿಗಳನ್ನು ಹಿಂದೆ ಹಾಕುವ ಪ್ರಾಣಿ ಕೆಸರಲ್ಲಿ ದಣಿದು ಬೀಳುತ್ತದೆ. ಹಾಗಾಗಿ ಮಳೆ ಮರುದಿನ ಕೆಡವಿದ ಚಿಗರಿಯ ಗಾಯ ಎಷ್ಟೇ ಸಣ್ಣದಿರಲಿ, ಅದು ಓಡಿ ಸೋತ ಪ್ರಾಣಿ ಎಂದೇ ಲೆಕ್ಕ ಹಿಡಿಯಬೇಕು.

ಹಾಗಾದರೆ ಏನು ಮಾಡಬೇಕಿತ್ತು? ಮೊದಲು ತೀರ್ಮಾನಿಸಬೇಕಾದ್ದು ಹಿಡಿಯಬೇಕೇ ಬೇಡವೇ ಎಂಬುದು. ನಾಯಿ ಓಡಿಸಿ, ನೀವು ನೂರು ಹೆಜ್ಜೆ ಹಿಂದೆ ಸರಿದು, ಹತ್ತು ನಿಮಿಷ ನೋಡಿ. ನಾಲ್ಕೂ ಕಾಲಿನ ಮೇಲೆ ಎದ್ದು ನಿಂತರೆ, ಕುಂಟುತ್ತಲಾದರೂ ನಡೆದರೆ, ಬಿಟ್ಟುಬಿಡಿ. ನಾಯಿ ಮತ್ತೆ ಬರದಂತೆ ಒಬ್ಬರು ಕಾದರೆ ಸಾಕು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅಂಥದ್ದನ್ನು ಬೆನ್ನಟ್ಟಿ ಹಿಡಿದು ಔಷಧಿ ಹಚ್ಚುವುದು ಎರಡನೇ ಸಲ ನಾಯಿ ಬಿಟ್ಟಂತೆ. ಮುರಿದ ಕಾಲು ಜೋತಾಡುತ್ತಿದ್ದರೆ, ಕರುಳು ಹೊರಬಂದಿದ್ದರೆ, ಏಳಲಾರದೆ ಬಿದ್ದಿದ್ದರೆ ಮಾತ್ರ ಕೈ ಹಾಕಬೇಕು.

ಕೈ ಹಾಕುವುದಾದರೆ ಇಬ್ಬರು ಸಾಕು, ಮೂರನೆಯವರು ಮಂದಿಯನ್ನು ದೂರ ಇಡಲಿ. ಹಿಂದಿನಿಂದ, ಬಗ್ಗಿಕೊಂಡು, ಮಾತಿಲ್ಲದೆ ಹೋಗಿ ಮೊದಲು ಧೋತರದ ತುಂಡೋ ಟವೆಲ್ಲೋ ಕಣ್ಣಿನ ಮೇಲೆ ಹಾಕಿ. ಕಣ್ಣು ಮುಚ್ಚಬೇಕು, ಮೂಗು ತೆರೆದಿರಬೇಕು. ಕಿವಿಗೆ ದೊಡ್ಡ ಹತ್ತಿಯುಂಡೆ ಇಟ್ಟರೆ ಇನ್ನೂ ಒಳ್ಳೆಯದು, ತೆಗೆಯುವುದನ್ನು ಮರೆಯಬೇಡಿ. ಗಂಡಾದರೆ ಕೋಡನ್ನು ಬುಡದಲ್ಲಿ ಹಿಡಿಯಿರಿ. ತುದಿ ಹಿಡಿದರೆ ಎಳೆಯ ಗಂಡಿನ ಕೋಡು ಬುಡದಲ್ಲೇ ಮುರಿದು ರಕ್ತ ಹರಿಯುತ್ತದೆ, ಒಂದು ಝಾಡಿಸಿದರೆ ನಿಮ್ಮ ಹೊಟ್ಟೆಗೂ ಇಳಿಯುತ್ತದೆ. ನೀರು ಬಿಡುವ ರಬ್ಬರ್ ಪೈಪಿನ ಗೇಣುದ್ದ ತುಂಡನ್ನು ಕೋಡಿನ ತುದಿಗೆ ಸಿಕ್ಕಿಸಿಬಿಟ್ಟರೆ ಎರಡೂ ಕಡೆ ಕ್ಷೇಮ.

ಮಲಗಿಸುವ ರೀತಿಯಲ್ಲಿ ಬಹಳ ಮಂದಿ ತಪ್ಪುತ್ತಾರೆ. ಚಿಗರಿ ಮೆಲುಕು ಹಾಕುವ ಪ್ರಾಣಿ. ಪಕ್ಕಕ್ಕೆ ಉರುಳಿಸಿ ಇಟ್ಟರೆ ದೊಡ್ಡ ಹೊಟ್ಟೆಯ ಗಾಳಿ ಹೊರಬರದೆ ಉಬ್ಬರವಾಗಿ ಉಸಿರಿಗೆ ಒತ್ತು ಬೀಳುತ್ತದೆ. ಒಳಗಿನದು ಬಾಯಿಗೆ ಬಂದು ಶ್ವಾಸಕೋಶಕ್ಕೂ ಇಳಿಯುತ್ತದೆ. ದನ ಮೆಲುಕು ಹಾಕುತ್ತ ಕೂತ ಹಾಗೆ ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕೆಗೆ ಮೇವು ತುಂಬಿದ ಚೀಲದ ಆಸರೆ ಕೊಡಿ. ಕುತ್ತಿಗೆ ಮೇಲಿರಲಿ, ಮೂತಿ ಕೆಳಗೆ ಬಾಗಿರಲಿ, ಜೊಲ್ಲು ಹೊರಗೆ ಸೋರಲಿ. ಪಕ್ಕಕ್ಕೆ ಮಲಗಿಸಲೇಬೇಕಾದ ಗಾಯವಿದ್ದರೆ ಎಡಪಕ್ಕೆ ಮೇಲೆ ಬರಲಿ, ಏಕೆಂದರೆ ದೊಡ್ಡ ಹೊಟ್ಟೆ ಎಡಕ್ಕಿದೆ. ಕಾಲು ಕಟ್ಟದೆ ಸಾಗುವುದಾದರೆ ಕಟ್ಟಲೇಬೇಡಿ. ವಾಹನದಲ್ಲಿ ಒದ್ದು ಕಾಲು ಮುರಿದುಕೊಳ್ಳುವ ಭಯವಿದ್ದರೆ ಅಗಲ ಹತ್ತಿಬಟ್ಟೆಯಿಂದ, ಒಂದು ಬೆರಳು ತೂರುವಷ್ಟು ಸಡಿಲವಾಗಿ. ಪ್ಲಾಸ್ಟಿಕ್ ಹಗ್ಗ, ದಾವಣಿ ಬೇಡವೇ ಬೇಡ.

ಮುಂದಿನದು ಶಾಖ. ಚಿಗರಿಯ ಸಹಜ ಮೈಕಾವು ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಬಾಯಿ ತೆರೆದು ತೇಕುತ್ತಿದ್ದರೆ 106 ದಾಟಿರಬಹುದು. ಅಲ್ಲಿಂದ ಆಚೆ ಒಂದೊಂದು ನಿಮಿಷಕ್ಕೂ ಸ್ನಾಯು ಬೇಯುತ್ತದೆ. ನೆರಳಿಗೆ ಒಯ್ದು ಹೊಟ್ಟೆಯ ಕೆಳಭಾಗ, ತೊಡೆಸಂದು, ಕಾಲುಗಳ ಮೇಲೆ ಸಾದಾ ನೀರು ಹಾಕಿ ಗಾಳಿ ಬೀಸಿ. ಐಸ್ ಇಡಬೇಡಿ, ಚರ್ಮದ ರಕ್ತನಾಳ ಮುದುಡಿ ಒಳಗಿನ ಕಾವು ಒಳಗೇ ಉಳಿಯುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಬಿಡುವುದೂ ತಪ್ಪು. ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಕಲಬುರಗಿ, ಯಾದಗಿರಿಯ ಏಪ್ರಿಲ್‌–ಮೇ ಬಿಸಿಲಲ್ಲಿ ಹಿಡಿದ ಪ್ರಾಣಿಗೆ ಗಾಯಕ್ಕಿಂತ ಮೊದಲು ನೀರು ಹಾಕುವುದೇ ಚಿಕಿತ್ಸೆ. ಥರ್ಮಾಮೀಟರ್ ಇದ್ದರೆ ಗುದದಲ್ಲಿ ಇಟ್ಟು ಐದು ನಿಮಿಷಕ್ಕೊಮ್ಮೆ ನೋಡಿ, 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ. ನಿಲ್ಲಿಸದಿದ್ದರೆ ಆಮೇಲೆ ಬೇಡವೆಂದರೂ ಇಳಿಯುತ್ತ ಹೋಗುತ್ತದೆ.

ಬಾಯಿಗೆ ಏನೂ ಹಾಕಬೇಡಿ. ತೇಕುವ ಪ್ರಾಣಿಯ ತಲೆ ಎತ್ತಿ ನೀರು ಸುರಿದರೆ ಅರ್ಧ ಶ್ವಾಸನಾಳಕ್ಕೆ ಹೋಗುತ್ತದೆ. ಇವತ್ತು ಬದುಕಿದರೂ ಮೂರನೇ ದಿನ ನ್ಯುಮೋನಿಯಾ. ಪಕ್ಕದಲ್ಲಿ ಅಗಲ ಬುಟ್ಟಿಯಲ್ಲಿ ನೀರಿಟ್ಟು ದೂರ ಹೋಗಿ, ಕುಡಿಯುವಷ್ಟು ಚೇತರಿಸಿದ್ದರೆ ತಾನೇ ಕುಡಿಯುತ್ತದೆ. ಗಾಯಕ್ಕೆ ಅರಿಶಿಣ, ಸುಣ್ಣ, ಕಾಫಿಪುಡಿ, ನೇರ ಡೆಟಾಲ್ ಯಾವುದೂ ಬೇಡ. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಮಡಚಿ ಐದು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಿರಿ. ಕರುಳು ಹೊರಗಿದ್ದರೆ ಒಳಗೆ ತುರುಕಬೇಡಿ, ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಹೊಟ್ಟೆಗೆ ಆನಿಸಿ ಕಟ್ಟಿ.

ಸ್ಥಳಕ್ಕೆ ಬರುವ ಪಶುವೈದ್ಯರಿಗಾಗಿ ಈ ಮುಂದಿನದು. ಹೊಲದಲ್ಲಿ ಇದ್ದವರು ಇದನ್ನು ತಾವೇ ಮಾಡಲು ಹೋಗಬಾರದು. ದೊಡ್ಡ ಚಿಗರಿ 30ರಿಂದ 40 ಕೆ.ಜಿ. ತೂಗುತ್ತದೆ. ಗಾಬರಿ ಇಳಿಸಲು ಡಯಜೆಪಾಮ್ ಕೆ.ಜಿ.ಗೆ 0.25ರಿಂದ 0.5 ಮಿ.ಗ್ರಾಂ. ನಿಧಾನವಾಗಿ ರಕ್ತನಾಳಕ್ಕೆ. ಮಂಪರು ತರಿಸುವ ಝೈಲಜೀನ್ ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಮೈಕಾವು ಏರಿ ತೇಕುವ ಪ್ರಾಣಿಗೆ ಅದು ಉಸಿರು, ರಕ್ತದೊತ್ತಡ ಎರಡನ್ನೂ ಇಳಿಸುತ್ತದೆ, ಮೈಕಾವಿನ ನಿಯಂತ್ರಣ ತಪ್ಪಿಸುತ್ತದೆ, ಉಬ್ಬರವನ್ನೂ ತರುತ್ತದೆ. ರಿಂಗರ್ ಲ್ಯಾಕ್ಟೇಟ್ ಕೆ.ಜಿ.ಗೆ 20 ಮಿ.ಲೀ. ಲೆಕ್ಕದಲ್ಲಿ, ಅಂದರೆ 30 ಕೆ.ಜಿ.ಗೆ 600 ಮಿ.ಲೀ., ಮೊದಲ ಅರ್ಧ ಗಂಟೆಯಲ್ಲಿ. ಆಮೇಲೆ ಮೂತ್ರ ತಿಳಿಯಾಗುವವರೆಗೆ ನಿಧಾನವಾಗಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಕಾದ ಬಾಟಲಿ ಏರಿಸಬೇಡಿ. ರಕ್ತ ಪರೀಕ್ಷೆಯ ಅನುಕೂಲ ಇಲ್ಲದಲ್ಲಿ ಸೋಡಿಯಂ ಬೈಕಾರ್ಬನೇಟ್ ಕೆ.ಜಿ.ಗೆ 1ರಿಂದ 2 ಮಿಲಿ ಈಕ್ವಿವಲೆಂಟ್ ದಾಟದಿರಲಿ, ಅದೂ ದ್ರವದಲ್ಲಿ ಬೆರೆಸಿ ನಿಧಾನವಾಗಿ. ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸಬೇಡಿ, ಅದರಲ್ಲಿರುವ ಕ್ಯಾಲ್ಸಿಯಂ ಗರಣೆಗಟ್ಟುತ್ತದೆ; ಸಾದಾ ಸಲೈನ್ ಅಥವಾ ಡೆಕ್ಸ್‌ಟ್ರೋಸ್ ಬಳಸಿ. ಇ ಜೀವಸತ್ವ ಮತ್ತು ಸೆಲೆನಿಯಂ ಚುಚ್ಚುಮದ್ದು ಕೊಡುವ ರೂಢಿ ಇದೆ. ಸೆಲೆನಿಯಂ ಡೋಸಿಗೂ ವಿಷಕ್ಕೂ ಅಂತರ ಕಡಿಮೆ, ಒಂದೇ ಸಲಕ್ಕೆ ನಿಲ್ಲಿಸಿ. ಮೆಲಾಕ್ಸಿಕಾಮ್ ಕೆ.ಜಿ.ಗೆ 0.5 ಮಿ.ಗ್ರಾಂ. ಕೊಡಬಹುದು, ಆದರೆ ದ್ರವ ಏರಿ ಮೂತ್ರ ಬಂದ ಮೇಲೆ. ಮೂತ್ರಪಿಂಡ ಮೊದಲೇ ಅಪಾಯದಲ್ಲಿರುವಾಗ ನೋವಿನ ಮದ್ದು ಅದಕ್ಕೆ ಇನ್ನೊಂದು ಪೆಟ್ಟು.

ನಾಯಿಕಡಿತದ ತೂತನ್ನು ಹೊರಗಿನ ಅಳತೆಯಿಂದ ನಂಬಬೇಡಿ. ಕೋರೆಹಲ್ಲು ಚರ್ಮದಲ್ಲಿ ಸಣ್ಣ ತೂತು ಮಾಡಿ ಒಳಗೆ ಅಗಲವಾಗಿ ಸ್ನಾಯು ಹರಿದಿರುತ್ತದೆ. ಸುತ್ತ ಮೂರು ಬೆರಳಗಲ ಕೂದಲು ಕತ್ತರಿಸಿ, 20 ಮಿ.ಲೀ. ಸಿರಿಂಜಿಗೆ 18 ಗೇಜ್ ಸೂಜಿ ಹಾಕಿ ಅರ್ಧದಿಂದ ಒಂದು ಲೀಟರ್ ಸಲೈನ್ ಚಿಮ್ಮಿಸಿ ತೊಳೆಯಬೇಕು. ಪೊವಿಡೋನ್ ಅಯೋಡಿನ್ ಬಳಸುವುದಾದರೆ ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ. ಹೊಲಿಗೆ ಹಾಕಿ ಮುಚ್ಚಬೇಡಿ, ಕೀವು ಒಳಗೇ ಕಟ್ಟುತ್ತದೆ. ಹುಳ ಬಿದ್ದಿದ್ದರೆ ಚಿಮಟದಿಂದ ಒಂದೊಂದೇ ತೆಗೆದು, ಐವರ್ಮೆಕ್ಟಿನ್ ಕೆ.ಜಿ.ಗೆ 0.2 ಮಿ.ಗ್ರಾಂ. ಚರ್ಮದಡಿ. ದೀರ್ಘಕಾಲ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಆರಿಸಿದರೆ ದಿನಾ ಹಿಡಿಯುವುದು ತಪ್ಪುತ್ತದೆ. ದನಕ್ಕೆ ದಿನಕ್ಕೆರಡು ಸಲ ಇಂಜೆಕ್ಷನ್ ಮಾಡಿದ ಹಾಗೆ ಚಿಗರಿಗೆ ಮಾಡಲು ಹೋದರೆ ಪ್ರತಿ ಇಂಜೆಕ್ಷನ್ನೂ ಒಂದು ಹೊಸ ಬೇಟೆ.

ಒಂದು ಸಂಗತಿ ಮನೆಯವರಿಗೆ ಹೇಳಿಡಬೇಕು: ಮೊದಲ ದಿನ ದಾಟಿತು ಎಂದರೆ ಗೆದ್ದಿತು ಎಂದಲ್ಲ. ಎರಡನೇ, ಮೂರನೇ ದಿನ ಹಿಂಗಾಲು ಬಿಗಿಯುವುದು, ಗೊರಸು ಮಡಚಿ ನಡೆಯುವುದು ಕಾಣಬಹುದು. ಚೆನ್ನಾಗಿ ಕಂಡ ಪ್ರಾಣಿ ಒಂದೆರಡು ವಾರದ ಬಳಿಕ, ಮತ್ತೆ ಹಿಡಿಯಲು ಹೋದಾಗ ತಟ್ಟನೆ ಬಿದ್ದು ಸಾಯುವುದೂ ಉಂಟು.

ಮರಿಯ ಮಾತು ನೀವು ಕೇಳಿಲ್ಲ, ಆದರೂ ಅದನ್ನು ಹೇಳದೆ ಬಿಟ್ಟರೆ ಆಗದು. ಜೋಳದ ಹೊಲದಲ್ಲೋ ಹುಲ್ಲಲ್ಲೋ ಒಂಟಿಯಾಗಿ ಮುದುಡಿ ಕೂತ ಚಿಗರಿ ಮರಿ ಬಹುಪಾಲು ಅನಾಥವಲ್ಲ. ತಾಯಿ ಹುಟ್ಟಿದ ಮರಿಯನ್ನು ಅಡಗಿಸಿಟ್ಟು ದೂರ ಮೇಯುತ್ತದೆ, ದಿನಕ್ಕೆ ಕೆಲವೇ ಸಲ ಬಂದು ಮೊಲೆ ಕೊಡುತ್ತದೆ. ಮರಿ ಅಲುಗಾಡದೆ ಕೂತಿರುವುದು ರೋಗದಿಂದಲ್ಲ, ಅದರ ರಕ್ಷಣೆಯೇ ಅದು. ರಾಶಿ ಸಮಯದಲ್ಲಿ ಕಂಡರೆ ಸುತ್ತಲಿನ ನಾಲ್ಕು ಸಾಲು ಬಿಟ್ಟು ಕೊಯ್ಯಿರಿ. ತಾಯಿ ಸತ್ತದ್ದು ಕಣ್ಣಾರೆ ಕಂಡಿದ್ದರೆ, ಮೈಮೇಲೆ ನೊಣ, ಹುಳ ಇದ್ದರೆ, ತಣ್ಣಗಾಗಿ ಸೋತು ಬಿದ್ದಿದ್ದರೆ ಮಾತ್ರ ಎತ್ತಬೇಕು. ತಣ್ಣಗಿರುವ ಮರಿಗೆ ಹಾಲು ವಿಷವೇ ಸರಿ, ತಣ್ಣನೆ ಹೊಟ್ಟೆಯಲ್ಲಿ ಅದು ಜೀರ್ಣವಾಗದು. ಮೊದಲು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮೈ ಬೆಚ್ಚಗೆ ಮಾಡಿ. ಅರಣ್ಯ ಇಲಾಖೆಯ ಆರೈಕೆಯಲ್ಲಿ ಸಾಕುವ ಹಂತಕ್ಕೆ ಬಂದರೆ ಆಡಿನ ಹಾಲು, ದಿನಕ್ಕೆ ಮರಿಯ ತೂಕದ ಶೇ. 10ರಿಂದ 15ರಷ್ಟು, ಐದಾರು ಸಲಕ್ಕೆ ಹಂಚಿ, ಉಗುರುಬೆಚ್ಚಗೆ, ನಿಂತ ಅಥವಾ ಎದೆಯ ಮೇಲೆ ಕೂತ ಭಂಗಿಯಲ್ಲಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಒರೆಸಬೇಕು. ತಾಯಿ ನೆಕ್ಕಿದಾಗಲೇ ಎಳೆಮರಿ ಮಲಮೂತ್ರ ಮಾಡುವುದು.

ಇನ್ನು ನವಿಲು. ತೊಗರಿ ಹೊಲದಲ್ಲಿ ನಡುಗುತ್ತ ಬಿದ್ದ ನವಿಲೆಂದರೆ ಮೊದಲ ಅನುಮಾನ ಕೀಟನಾಶಕದ ಮೇಲೆ. ನಮ್ಮ ಕಡೆ ಇದಕ್ಕೆ ಎರಡು ಕಾಲ: ಮುಂಗಾರು ಬಿತ್ತನೆಯ ಹೊತ್ತಿಗೆ ಔಷಧಿ ಹಚ್ಚಿದ ಬೀಜ ಹೆಕ್ಕಿ ತಿಂದು, ಮತ್ತೆ ತೊಗರಿ ಹೂ–ಕಾಯಿ ಕಟ್ಟುವಾಗ ಕಾಯಿಕೊರಕಕ್ಕೆ ಸಿಂಪಡಿಸಿದ ಹೊಲದಲ್ಲಿ ಸತ್ತ, ಸಾಯುತ್ತಿರುವ ಹುಳ ತಿಂದು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಜಾತಿಯ ಆರ್ಗನೋಫಾಸ್ಫೇಟ್ ಆದರೆ ಬಾಯಿಂದ ನೊರೆ–ನೀರು ಸುರಿಯುತ್ತದೆ, ನೀರಾದ ಹಿಕ್ಕೆ, ಇಳಿಬಿದ್ದ ರೆಕ್ಕೆ, ಕಾಲಿಗೆ ಬಲವಿಲ್ಲ, ಮೈ ನಡುಕ, ಆಮೇಲೆ ಉಸಿರು ಕಟ್ಟುವುದು.

ಎತ್ತಿದಾಗ ಎದೆಮೂಳೆಯ ಮೇಲೆ ಬೆರಳಾಡಿಸಿ ನೋಡಿ. ಎರಡೂ ಬದಿಗೆ ಮಾಂಸ ತುಂಬಿದ್ದು, ಕುತ್ತಿಗೆ ಬುಡದ ಚೀಲದಲ್ಲಿ ಕಾಳು ಗಟ್ಟಿಯಾಗಿ ಸಿಕ್ಕರೆ, ಹತ್ತಿರ ಇನ್ನೂ ಒಂದೆರಡು ಹಕ್ಕಿ ಬಿದ್ದಿದ್ದರೆ ವಿಷವೇ ಇರಬಹುದು. ಎದೆಮೂಳೆ ಚಾಕುವಿನಂತೆ ಚೂಪಾಗಿ ಕೈಗೆ ತಾಗಿದರೆ ಅದು ದಿನಗಟ್ಟಲೆ ತಿನ್ನದ ಹಕ್ಕಿ, ಬೇರೆ ರೋಗ ಹುಡುಕಬೇಕು. ಕುತ್ತಿಗೆ ತಿರುಚಿಕೊಂಡಿದ್ದರೆ ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಅಂಥದ್ದನ್ನು ಮನೆಯ ಕೋಳಿಗಳ ಹತ್ತಿರ ಒಯ್ಯಬೇಡಿ. ಒಂದೇ ಕಡೆ ಹಲವು ಜಾತಿಯ ಹಕ್ಕಿ ಸತ್ತಿದ್ದರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ, ಹಕ್ಕಿಜ್ವರವೂ ಇರಬಹುದು. ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಬಿದ್ದಿದ್ದರೆ ಕರೆಂಟ್. ಸುಟ್ಟ ಗಾಯ ಮೊದಲ ದಿನ ಕಾಣದೆ ಮೂರು–ನಾಲ್ಕು ದಿನದ ಮೇಲೆ ಚರ್ಮ ಕಪ್ಪಾಗಿ ಗೊತ್ತಾಗುತ್ತದೆ.

ಹಿಡಿಯುವಾಗ ಕೈಗೆ ರಬ್ಬರ್ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ ಹಾಕಿ, ವಿಷ ನಿಮ್ಮ ಚರ್ಮದಿಂದಲೂ ಒಳಹೋಗುತ್ತದೆ. ಬಾಲದ ಗರಿ ಹಿಡಿದರೆ ಗೊಂಚಲಾಗಿ ಕೈಗೆ ಬರುತ್ತವೆ. ಬಟ್ಟೆ ಹಾಕಿ ಎರಡೂ ರೆಕ್ಕೆ ಮೈಗೆ ಸೇರಿಸಿ, ಕಾಲು ಹಿಡಿಯಿರಿ, ಗಂಡಿನ ಕಾಲಿನ ಮುಳ್ಳು ನೆನಪಿರಲಿ. ಎದೆ ಮಾತ್ರ ಬಿಗಿಯಾಗಿ ಅಪ್ಪಬೇಡಿ. ಹಕ್ಕಿಗೆ ನಮ್ಮಂತೆ ವಪೆ (ಎದೆ–ಹೊಟ್ಟೆ ನಡುವಿನ ಉಸಿರಾಟದ ಪರದೆ) ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದರೇ ಉಸಿರು; ಬಿಗಿ ಹಿಡಿದರೆ ಬಾಯಿ ಮುಚ್ಚದೆಯೇ ಉಸಿರುಗಟ್ಟಿ ಸಾಯುತ್ತದೆ. ಒಯ್ಯಲು ತೂತು ಮಾಡಿದ ರಟ್ಟಿನ ದೊಡ್ಡ ಪೆಟ್ಟಿಗೆ, ಇಲ್ಲವೇ ಬಾಯಿ ತೆರೆದ ಗೋಣಿಚೀಲ. ಯೂರಿಯಾ ಚೀಲ ಬೇಡ. ಮಜ್ಜಿಗೆ, ಹುಣಸೆನೀರು, ಉಪ್ಪುನೀರು, ಎಣ್ಣೆ ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ನುಂಗುವ ಶಕ್ತಿಯೇ ಇಲ್ಲದ ಹಕ್ಕಿಗೆ ಅದು ಶ್ವಾಸಕ್ಕೆ ಇಳಿಯುತ್ತದೆ, ಎಣ್ಣೆಯಂತೂ ಕೆಲವು ವಿಷವನ್ನು ಇನ್ನೂ ಬೇಗ ರಕ್ತಕ್ಕೆ ಸೇರಿಸುತ್ತದೆ.

ವೈದ್ಯರ ಕೈಗೆ ಬಂದ ಮೇಲೆ ಅಟ್ರೋಪಿನ್ ಕೆ.ಜಿ.ಗೆ 0.2ರಿಂದ 0.5 ಮಿ.ಗ್ರಾಂ. 4 ಕೆ.ಜಿ. ನವಿಲಿಗೆ ಕನಿಷ್ಠ 0.8 ಮಿ.ಗ್ರಾಂ., ಅಂದರೆ ಮಿ.ಲೀ.ಗೆ 0.6 ಮಿ.ಗ್ರಾಂ. ಇರುವ ಆಂಪೂಲಿನಿಂದ ಸುಮಾರು 1.3 ಮಿ.ಲೀ. ಕಾಲುಭಾಗ ರಕ್ತನಾಳಕ್ಕೆ, ಉಳಿದದ್ದು ಸ್ನಾಯುವಿಗೆ, ಬೇಕಿದ್ದರೆ ಮೂರು–ನಾಲ್ಕು ಗಂಟೆಗೊಮ್ಮೆ. ದನ, ನಾಯಿಯಲ್ಲಿ ಮಾಡಿದ ಹಾಗೆ ಕಣ್ಣಿನ ಪಾಪೆ ಅಗಲವಾಗುವುದನ್ನು ಕಾಯುತ್ತ ಅಟ್ರೋಪಿನ್ ಏರಿಸುತ್ತ ಹೋಗುವುದು ಇಲ್ಲಿನ ದೊಡ್ಡ ತಪ್ಪು. ಹಕ್ಕಿಯ ಪಾಪೆಯ ಸ್ನಾಯುವೇ ಬೇರೆ ಜಾತಿಯದು, ಅಟ್ರೋಪಿನ್‌ಗೆ ಅದು ಅಗಲವಾಗುವುದಿಲ್ಲ. ಬಾಯಿಯ ನೀರು ಒಣಗಿತೇ, ಉಸಿರಿನ ಗೊರಗೊರ ನಿಂತಿತೇ ಎಂಬುದೇ ಅಳತೆ. ಪ್ರಾಲಿಡಾಕ್ಸಿಮ್ ಕೆ.ಜಿ.ಗೆ 10ರಿಂದ 20 ಮಿ.ಗ್ರಾಂ. ಸ್ನಾಯುವಿಗೆ, ವಿಷ ತಿಂದ ಮೊದಲ ದಿನದೊಳಗೆ ಕೊಟ್ಟರೆ ಉಪಯೋಗ. ಹೊಲದವರು ಹೊಡೆದ ಔಷಧಿಯ ಡಬ್ಬಿ ತಂದು ತೋರಿಸಿದರೆ ಅರ್ಧ ಕೆಲಸ ಆದಂತೆ, ಏಕೆಂದರೆ ಕಾರ್ಬಮೇಟ್ ಜಾತಿಯ ವಿಷಕ್ಕೆ ಪ್ರಾಲಿಡಾಕ್ಸಿಮ್ ಸಾಮಾನ್ಯವಾಗಿ ಬೇಕಿಲ್ಲ, ಅಟ್ರೋಪಿನ್ ಮಾತ್ರ. ನಡುಕಕ್ಕೆ ಡಯಜೆಪಾಮ್. ಪ್ರಜ್ಞೆ ಇದ್ದು ತಲೆ ಎತ್ತಿದ್ದರೆ ಕಾಳಿನ ಚೀಲಕ್ಕೆ ನಳಿಕೆ ಇಳಿಸಿ ಸಕ್ರಿಯ ಇದ್ದಿಲು ಕೆ.ಜಿ.ಗೆ 1ರಿಂದ 2 ಗ್ರಾಂ. ಡೆಕ್ಸಾಮೆಥಾಸೋನ್ ಹಕ್ಕಿಗೆ ಬೇಡ; ಅದು ರೋಗನಿರೋಧಕ ಶಕ್ತಿ ಕುಗ್ಗಿಸಿ ಶ್ವಾಸಕೋಶದಲ್ಲಿ ಬೂಷ್ಟು ಬೆಳೆಯಲು ದಾರಿ ಮಾಡುತ್ತದೆ.

ಸತ್ತರೆ ಅಲ್ಲೇ ಬಿಡಬೇಡಿ. ಆ ಹಕ್ಕಿ ತಿಂದ ನಾಯಿ, ಹದ್ದು, ನರಿಗೂ ಅದೇ ಗತಿ. ಮರಣೋತ್ತರ ಪರೀಕ್ಷೆಯಲ್ಲಿ ಕಾಳಿನ ಚೀಲದ ತಿರುಳು ಮತ್ತು ಯಕೃತ್ತಿನ ತುಂಡನ್ನು ಬೇರೆ ಬೇರೆ ಸ್ವಚ್ಛ ಗಾಜಿನ ಶೀಶೆಗೆ ಹಾಕಿ ಐಸ್‌ನಲ್ಲಿ ಇಟ್ಟು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. ಆ ಶೀಶೆಗೆ ಫಾರ್ಮಲಿನ್ ಹಾಕಿದರೆ ವಿಷದ ಪರೀಕ್ಷೆ ಕೆಟ್ಟುಹೋಗುತ್ತದೆ. ಬೇಕೆಂದೇ ವಿಷ ಇಟ್ಟ ಪ್ರಕರಣಗಳು ನ್ಯಾಯಾಲಯದಲ್ಲಿ ಬಿದ್ದುಹೋಗುವುದಕ್ಕೆ ಹೀಗೆ ಕೆಟ್ಟ ಒಂದು ಶೀಶೆ ಸಾಕು.

ಉಳಿದ ಪ್ರಾಣಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಂಕ್ರಾಂತಿ ಸುತ್ತಮುತ್ತ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಹದ್ದು, ಗೂಬೆಯ ರೆಕ್ಕೆಯಿಂದ ದಾರ ಎಳೆಯಬೇಡಿ, ಎರಡೂ ಕಡೆ ಕತ್ತರಿಸಿ ಹಾಗೇ ತನ್ನಿ. ಎಳೆದರೆ ಸ್ನಾಯುರಜ್ಜು ಕೊಯ್ದುಹೋಗುತ್ತದೆ. ಭುಜದ ಬಳಿ ಮೂಳೆ ಮುರಿದು ಹೊರಗೆ ಕಂಡರೆ ನೀರು ಸುರಿದು ತೊಳೆಯಬಾರದು. ಆ ಮೂಳೆ ಟೊಳ್ಳು, ಗಾಳಿಚೀಲಕ್ಕೆ ದಾರಿಯಿದೆ, ನೀರು ಅಲ್ಲಿಂದಲೇ ಒಳಹೋಗಿ ಹಕ್ಕಿ ಮುಳುಗಿ ಸಾಯುತ್ತದೆ. ಹಾಲು, ಅನ್ನ, ಬ್ರೆಡ್ ಇವಕ್ಕೆ ಆಹಾರವಲ್ಲ. ಹರಗುವಾಗ ಕುಂಟೆಗೋ ಟ್ರ್ಯಾಕ್ಟರಿಗೋ ಸಿಕ್ಕು ಚಿಪ್ಪು ಒಡೆದ ನಕ್ಷತ್ರ ಆಮೆಯನ್ನು ನೀರಿನ ಬಕೆಟ್‌ಗೆ ಹಾಕಬೇಡಿ, ಅದು ನೆಲದ ಆಮೆ. ಒಡೆದ ಜಾಗಕ್ಕೆ ಫೆವಿಕ್ವಿಕ್, ಎಂ–ಸೀಲ್ ಬೇಡ, ಬೆನ್ನುಚಿಪ್ಪಿನ ಕೆಳಗೇ ಶ್ವಾಸಕೋಶ ಇದೆ. ಸಲೈನ್ ಬಟ್ಟೆ ಮುಚ್ಚಿ ಒಯ್ಯಿರಿ. ಹುಳ ಬಿದ್ದಿದ್ದರೂ ಐವರ್ಮೆಕ್ಟಿನ್ ಕೊಡಕೂಡದು, ಆಮೆಗೆ ಅದು ಪ್ರಾಣಾಂತಿಕ. ಕಟ್ಟೆಯಿಲ್ಲದ ಬಾವಿಗೆ ಬಿದ್ದ ನರಿ, ತೋಳಕ್ಕೆ ಹೊರಸು ಇಳಿಬಿಟ್ಟರೆ ಹತ್ತಿ ಕೂತು ದಣಿವಾರಿಸಿಕೊಳ್ಳುತ್ತದೆ. ಮಂದಿ ಚದುರಿದ ಮೇಲೆ ಉದ್ದ ಏಣಿ ಓರೆಯಾಗಿ ಇಟ್ಟರೆ ಎಷ್ಟೋ ಸಲ ರಾತ್ರಿ ತಾನೇ ಹತ್ತಿ ಹೋಗುತ್ತದೆ. ಹಗಲಲ್ಲಿ ಹೆದರದೆ ಊರೊಳಗೆ ಬರುವ, ಸಿಕ್ಕಿದ್ದನ್ನು ಕಚ್ಚುವ ನರಿ, ತೋಳ, ಮುಂಗುಸಿಗೆ ರೇಬೀಸ್ ಇರಬಹುದು, ಹತ್ತಿರ ಯಾರೂ ಹೋಗಬಾರದು.

ಫೋನ್ ಯಾರಿಗೆ? ಅರಣ್ಯ ಇಲಾಖೆಯ ಸಹಾಯವಾಣಿ 1926. ಪಶು ಆಂಬುಲೆನ್ಸ್‌ಗೆ 1962. ಕಾಡುಪ್ರಾಣಿಯ ಚಿಕಿತ್ಸೆ ಅರಣ್ಯ ಸಿಬ್ಬಂದಿ ಸಮ್ಮುಖದಲ್ಲಿ ಆಗಬೇಕು, ಹಾಗಾಗಿ ಮೊದಲ ಕರೆ 1926ಕ್ಕೇ ಹೋಗಲಿ. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದರೆ ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಸುರಪುರ, ಸೇಡಂ ಕಡೆಯಿಂದ ಬೇಸಿಗೆಯ ಮಧ್ಯಾಹ್ನ ಟಂಟಂನಲ್ಲಿ ಅಷ್ಟು ದೂರ ಒಯ್ಯುವುದಕ್ಕಿಂತ ಹತ್ತಿರದ ಪಶು ಆಸ್ಪತ್ರೆಯಲ್ಲಿ ದ್ರವ ಏರಿಸಿ, ಇಳಿಹೊತ್ತಿಗೆ ಅಥವಾ ನಸುಕಿನಲ್ಲಿ ಹೊರಡುವುದು ಲೇಸು.

ಮನೆಯಲ್ಲಿ ಇಟ್ಟುಕೊಂಡದ್ದರ ಬಗ್ಗೆಯೂ ಒಂದು ಮಾತು. ಚಿಗರಿ, ನವಿಲು, ನಕ್ಷತ್ರ ಆಮೆ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. 39ನೇ ಕಲಂ ಪ್ರಕಾರ ಅಂಥ ಪ್ರಾಣಿ ಬದುಕಿರಲಿ ಸತ್ತಿರಲಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಜೀವ ಉಳಿಸಲು ಎತ್ತಿ ತಂದು ತಿಳಿಸಿದವರಿಗೆ ಹೆದರಿಕೆ ಬೇಕಿಲ್ಲ. ತಿಳಿಸದೆ ಇಟ್ಟುಕೊಂಡರೆ, ಹೂತರೆ, ಕೋಡು ಗರಿ ಉಳಿಸಿಕೊಂಡರೆ ತೊಂದರೆ. ಸಿಕ್ಕ ಜಾಗ, ಹೊತ್ತು, ಎರಡು ಫೋಟೊ ಮೊಬೈಲಿನಲ್ಲಿರಲಿ. ಉಳಿಯುವಂತಿಲ್ಲ, ನರಳುತ್ತಿದೆ ಎಂದು ಕಂಡರೂ ಕೊನೆಗಾಣಿಸುವ ನಿರ್ಧಾರ ಊರವರದೂ ಅಲ್ಲ, ವೈದ್ಯರೊಬ್ಬರದೂ ಅಲ್ಲ. 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು.

ಬದುಕಿದ ಚಿಗರಿಯನ್ನು ಚಿಂಚೋಳಿ ಅಭಯಾರಣ್ಯಕ್ಕೆ ಬಿಟ್ಟು ಬನ್ನಿ ಎಂದು ಊರಲ್ಲಿ ಸಲಹೆ ಬರುತ್ತದೆ. ಒಪ್ಪಬೇಡಿ. ಚಿಂಚೋಳಿ ಒಣ ಎಲೆಯುದುರುವ ಕಾಡು, ಚಿಗರಿ ಬಯಲ ಪ್ರಾಣಿ. ದೂರ ಕಾಣುವ ಹೊಲ, ಗುರುತಿನ ಹಿಂಡು, ಗೊತ್ತಿರುವ ನೀರಿನ ಜಾಗ ಇದ್ದರೆ ಅದು ಬದುಕುತ್ತದೆ. ಗಾಯ ಸಣ್ಣದಿದ್ದು ಮೈಕಾವು ಇಳಿದು ತಾನೇ ಎದ್ದು ನಿಂತರೆ ಅದೇ ದಿನ, ಸಿಕ್ಕ ಹೊಲದಲ್ಲೇ, ಅರಣ್ಯ ಸಿಬ್ಬಂದಿಯ ಎದುರು, ನಾಯಿಗಳನ್ನು ಕಟ್ಟಿಹಾಕಿ ಬಿಡಬೇಕು. ಕಿವಿಯ ಹತ್ತಿ ಮೊದಲು ತೆಗೆಯಿರಿ, ಆಮೇಲೆ ಕಾಲಿನ ಬಟ್ಟೆ, ಕಣ್ಣಿನ ಬಟ್ಟೆ ಕೊನೆಗೆ. ಬೇಲಿ, ಬಾವಿ, ಡಾಂಬರು ರಸ್ತೆ ಅದರ ಮುಖದ ಎದುರಿಗೆ ಇರದಂತೆ ತಿರುಗಿಸಿ ನಿಲ್ಲಿಸಿ, ನೀವು ಬಾಲದ ಕಡೆಯಿಂದ ಹಿಂದೆ ಸರಿಯಿರಿ.